ಗ್ರಂಥಾಲಯದ ಸೂಚನಾ ಫಲಕವನ್ನು ಓದುವುದು ಹೇಗೆ?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬೆಳಗಾವಿ ಜಿಲ್ಲೆಯ ಈ ನಾಲ್ಕೂ ಊರುಗಳಲ್ಲಿ ಕಾಲೇಜುಗಳಿವೆ. ಬೆಳಗಿನ ಬಸ್ಸಿಗೆ ಹಳ್ಳಿಯಿಂದ ಬಂದು ಸಂಜೆಯ ಬಸ್ಸಿಗೆ ಮರಳುವ ವಿದ್ಯಾರ್ಥಿಗಳು ಇಲ್ಲಿ ಬಹಳ. ನೀವೂ ಅವರಲ್ಲಿ ಒಬ್ಬರಾಗಿರಬಹುದು. ನಿಮ್ಮ ಕಾಲೇಜಿನ ಗ್ರಂಥಾಲಯದ ಬಾಗಿಲ ಬಳಿ ಒಂದು ಸೂಚನಾ ಫಲಕ ಇದ್ದೇ ಇರುತ್ತದೆ. 'ಹೊಸದಾಗಿ ಬಂದ ಪುಸ್ತಕಗಳು', 'ಪ್ರಥಮ ವರ್ಷದವರಿಗೆ ಗ್ರಂಥಾಲಯ ಪರಿಚಯ', 'ಪುಸ್ತಕ ಪ್ರದರ್ಶನ', 'ಪುಸ್ತಕ ಹಿಂದಿರುಗಿಸಲು ಕೊನೆಯ ದಿನಾಂಕ', ಹೀಗೆ ಹಲವು ಚೀಟಿಗಳು ಅಲ್ಲಿ ಅಂಟಿರುತ್ತವೆ. ಪರೀಕ್ಷೆಯ ವೇಳಾಪಟ್ಟಿಯನ್ನು ಮಾತ್ರ ನೋಡಿಕೊಂಡು ಮುಂದೆ ಹೋಗುವುದು ನಮ್ಮೆಲ್ಲರ ರೂಢಿ. ಆದರೆ ಒಂದೊಂದು ಚೀಟಿಯ ಹಿಂದೆಯೂ ಒಂದು ವ್ಯವಸ್ಥೆ ಇದೆ. ಆ ವ್ಯವಸ್ಥೆ ತಿಳಿದರೆ ಗ್ರಂಥಾಲಯ ನಿಮ್ಮ ಕೈಗೆ ಸಿಗುತ್ತದೆ. ತಿಳಿಯದಿದ್ದರೆ ಮೂರು ವರ್ಷ ಅದರ ಮುಂದೆ ನಡೆದಾಡಿಯೂ ಪಠ್ಯಪುಸ್ತಕದ ಆಚೆಗೆ ಏನೂ ಸಿಗದೆ ಹೊರಬೀಳಬೇಕಾಗುತ್ತದೆ.

ಪರದೆಯ ಮೇಲಿನ ಮಾತು ಕ್ಷಣದಲ್ಲಿ ಸರಿದುಹೋಗುತ್ತದೆ. ಆದ್ದರಿಂದ ಈ ಸಂಗತಿಗಳನ್ನು ಇಲ್ಲಿ ತುಸು ವಿವರವಾಗಿ ನೋಡೋಣ.

ಮೊದಲ ಚೀಟಿ: ಹೊಸ ಪುಸ್ತಕಗಳು

ಗ್ರಂಥಾಲಯಕ್ಕೆ ಒಂದು ಪುಸ್ತಕ ಬಂದ ಕೂಡಲೇ ಅದು ಕಪಾಟು ಸೇರುವುದಿಲ್ಲ. ಮೊದಲು ಆಕ್ಸೆಷನ್ ರಿಜಿಸ್ಟರಿನಲ್ಲಿ ಅದಕ್ಕೊಂದು ಕ್ರಮಸಂಖ್ಯೆ ಬೀಳುತ್ತದೆ. ಬಳಿಕ ಅದರ ವಿಷಯ ಯಾವುದೆಂದು ನೋಡಿ ವರ್ಗಸಂಖ್ಯೆ ಕೊಡುತ್ತಾರೆ. ಪುಸ್ತಕದ ಬೆನ್ನ ಮೇಲೆ ಚಿಕ್ಕ ಚೀಟಿಯಲ್ಲಿ ಕಾಣುವ ಅಂಕಿ ಅದೇ. ನಮ್ಮ ಬಹುತೇಕ ಕಾಲೇಜುಗಳು ಬಳಸುವುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯನ್ನು. ಇದರಲ್ಲಿ ಜ್ಞಾನವನ್ನೆಲ್ಲ ಹತ್ತು ದೊಡ್ಡ ವಿಭಾಗಗಳಾಗಿ, ಪ್ರತಿಯೊಂದನ್ನು ಮತ್ತೆ ಹತ್ತಾಗಿ ವಿಂಗಡಿಸಲಾಗಿದೆ. 500 ವಿಜ್ಞಾನ, 510 ಗಣಿತ, 530 ಭೌತಶಾಸ್ತ್ರ. ಕನ್ನಡ ಸಾಹಿತ್ಯ 894.814. ಕರ್ನಾಟಕದ ಇತಿಹಾಸ 954.87.

ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಒಂದು ಉದಾಹರಣೆ ಸಾಕು. ಬೈಲಹೊಂಗಲ, ಸವದತ್ತಿಗಳ ಎರೆನೆಲಕ್ಕೆ ಹತ್ತಿ ಹಳೆಯ ಬೆಳೆ. ನಿಮಗೆ ಹತ್ತಿಯ ಬಗ್ಗೆ ಪ್ರಬಂಧ ಬರೆಯಬೇಕಾಗಿದೆ ಎನ್ನಿ. 'ಹತ್ತಿ' ಎಂಬ ಒಂದೇ ಕಪಾಟು ಯಾವ ಗ್ರಂಥಾಲಯದಲ್ಲೂ ಇರುವುದಿಲ್ಲ. ಹತ್ತಿ ಬೆಳೆಯುವ ವಿಧಾನ 633ರಲ್ಲಿ, ಅಂದರೆ ಹೊಲದ ಬೆಳೆಗಳ ನಡುವೆ ಇರುತ್ತದೆ. ನೂಲು, ಬಟ್ಟೆಗಳ ವಿಚಾರ 677ರಲ್ಲಿ. ಉತ್ಪಾದನೆ ಮತ್ತು ಬೆಲೆಯ ಅರ್ಥಶಾಸ್ತ್ರ 338ರಲ್ಲಿ. ಗಿಡವಾಗಿ ಅದರ ರಚನೆ ಸಸ್ಯಶಾಸ್ತ್ರದ 580ರ ಗುಂಪಿನಲ್ಲಿ. ಒಂದೇ ಕಪಾಟು ನೋಡಿ 'ನಮ್ಮ ಗ್ರಂಥಾಲಯದಲ್ಲಿ ಏನೂ ಇಲ್ಲ' ಎಂದು ಹಿಂದಿರುಗಿದ ವಿದ್ಯಾರ್ಥಿ ಉಳಿದ ಮೂರು ಕಪಾಟುಗಳನ್ನು ಕಳೆದುಕೊಂಡಂತಾಯಿತು. ಈ ಮೂರು ಕಪಾಟುಗಳಿಗೂ ದಾರಿ ತೋರಿಸುವುದು ಗ್ರಂಥಸೂಚಿ. ಹಿಂದೆ ಅದು ಮರದ ಡಬ್ಬಿಗಳಲ್ಲಿ ಜೋಡಿಸಿದ ಕಾರ್ಡುಗಳ ರೂಪದಲ್ಲಿತ್ತು. ಈಗ ಹಲವೆಡೆ ಗಣಕಯಂತ್ರದ ಪರದೆಯ ಮೇಲಿದೆ.

ಎರಡನೆಯ ಚೀಟಿ: ಕಾರ್ಯಕ್ರಮಗಳು

ಆಗಸ್ಟ್ 12ರಂದು ನಿಮ್ಮ ಗ್ರಂಥಾಲಯದಲ್ಲಿ ಒಂದು ಭಾವಚಿತ್ರಕ್ಕೆ ಹೂಮಾಲೆ ಹಾಕುವುದನ್ನು ನೀವು ನೋಡಿರಬಹುದು. ಅದು ಎಸ್. ಆರ್. ರಂಗನಾಥನ್ ಅವರ ಚಿತ್ರ. ಆ ದಿನ ಗ್ರಂಥಪಾಲಕರ ದಿನ. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. 1933ರಲ್ಲಿ ಕೋಲನ್ ವರ್ಗೀಕರಣ ಎಂಬ ತಮ್ಮದೇ ಪದ್ಧತಿಯನ್ನು ಕೊಟ್ಟರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಅವರ ನೇತೃತ್ವದಲ್ಲಿ ಆರಂಭವಾಯಿತು.

ಅವರ ಐದು ಸೂತ್ರಗಳ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು: ಪುಸ್ತಕ ಬೀಗ ಹಾಕಿ ಇಡುವ ವಸ್ತುವಲ್ಲ, ಬಳಸಲು ಇರುವುದು. ಯಾವ ಓದುಗನೂ ತನಗೆ ಬೇಕಾದುದು ಸಿಗದೆ ಹಿಂದಿರುಗಬಾರದು. ಯಾವ ಪುಸ್ತಕವೂ ಓದುಗನಿಲ್ಲದೆ ಧೂಳು ಹಿಡಿಯಬಾರದು. ಓದುಗನ ಸಮಯ ವ್ಯರ್ಥವಾಗಬಾರದು. ಗ್ರಂಥಾಲಯ ಬೆಳೆಯುತ್ತಲೇ ಇರಬೇಕು.

ಫಲಕದ ಎಲ್ಲ ಕಾರ್ಯಕ್ರಮಗಳನ್ನೂ ಈ ಐದು ಮಾತುಗಳಿಂದ ಅಳೆಯಬಹುದು. ಪ್ರಥಮ ವರ್ಷದವರಿಗೆ ಪರಿಚಯ ಕಾರ್ಯಕ್ರಮ ಏಕೆ? ಓದುಗನ ಸಮಯ ಉಳಿಸಲು. ನವೆಂಬರ್ 14ರಿಂದ 20ರವರೆಗೆ ನಡೆಯುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದಲ್ಲಿ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲೆ ಹರಡಿ ಇಡುವುದು ಏಕೆ? ಯಾರೂ ಕೈ ಹಚ್ಚದ ಪುಸ್ತಕಕ್ಕೆ ಒಬ್ಬ ಓದುಗನನ್ನು ಹುಡುಕಿಕೊಡಲು. ಹೆಸರು ನೋಡದೆ ಕೈಗೆತ್ತಿಕೊಂಡ ಪುಸ್ತಕವೇ ಮುಂದೆ ಒಬ್ಬನ ವೃತ್ತಿಯನ್ನು ನಿರ್ಧರಿಸಬಹುದು.

ಬೇರೆ ದೇಶಗಳಲ್ಲೂ ಇದೇ ಕೆಲಸ ನಡೆದಿದೆ. ಅಮೆರಿಕದಲ್ಲಿ ಕಮ್ಯೂನಿಟಿ ಕಾಲೇಜು ಎಂಬ ಎರಡು ವರ್ಷದ ಊರ ಕಾಲೇಜುಗಳಿವೆ. ಇಲಿನಾಯ್ ರಾಜ್ಯದ ಜೋಲಿಯೆಟ್ ಕಾಲೇಜು 1901ರಲ್ಲೇ ಆರಂಭವಾದದ್ದು. ಮನೆಯಿಂದ ಓಡಾಡಿಕೊಂಡು, ಕೆಲಸ ಮಾಡುತ್ತ ಓದುವವರಿಗಾಗಿ ಇರುವ ಇಂತಹ ಕಾಲೇಜುಗಳ ಗ್ರಂಥಾಲಯಗಳು ಹೊಸ ಪುಸ್ತಕ, ಉಪನ್ಯಾಸ, ತರಬೇತಿಗಳ ಸುದ್ದಿಯನ್ನು ತಪ್ಪದೆ ಪ್ರಕಟಿಸುತ್ತವೆ. ಮನೆಯಲ್ಲಿ ಪುಸ್ತಕಗಳಿಲ್ಲದವರಿಗೆ ಕಾಲೇಜಿನ ಗ್ರಂಥಾಲಯವೇ ಆಸರೆ ಎಂಬುದು ಅಲ್ಲಿಯೂ ನಿಜ, ಸವದತ್ತಿಯಲ್ಲಿಯೂ ನಿಜ.

ಹೆಸರು ಬದಲಾದರೆ ಹುಡುಕುವುದು ಹೇಗೆ?

ಈಗ ನಿಮ್ಮ ಊರಿನ ಚರಿತ್ರೆಗೇ ಬರೋಣ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ನಡೆದ ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತನು. ಸೆರೆಸಿಕ್ಕ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ತೀರಿಕೊಂಡಳು. ಇಷ್ಟು ನಿಮಗೆ ಗೊತ್ತು. ಇದಕ್ಕಿಂತ ಹೆಚ್ಚು ತಿಳಿಯಲು ಹೊರಟರೆ ಎಲ್ಲಿ ನೋಡುತ್ತೀರಿ?

ಪರಾಮರ್ಶನ ವಿಭಾಗದಲ್ಲಿ ಗ್ಯಾಸೆಟಿಯರ್ ಎಂಬ ದಪ್ಪ ಗ್ರಂಥಗಳಿರುತ್ತವೆ. ಮುಂಬೈ ಪ್ರಾಂತದ ಗ್ಯಾಸೆಟಿಯರಿನ 21ನೆಯ ಸಂಪುಟ ಬೆಳಗಾವಿ ಜಿಲ್ಲೆಯದು. ಅದು ಅಚ್ಚಾದದ್ದು 1884ರಲ್ಲಿ. ಅದರಲ್ಲಿ ಬೈಲಹೊಂಗಲ ತಾಲ್ಲೂಕು ಎಂದು ಹುಡುಕಿದರೆ ಸಿಗುವುದಿಲ್ಲ. ಆಗ ಬೈಲಹೊಂಗಲ, ಕಿತ್ತೂರು ಎರಡೂ ಸಂಪಗಾಂವ ತಾಲ್ಲೂಕಿನ ಊರುಗಳು. ಸವದತ್ತಿ ಇದ್ದದ್ದು ಪರಸಗಡ ತಾಲ್ಲೂಕಿನಲ್ಲಿ, ಇಂಗ್ಲಿಷಿನಲ್ಲಿ ಅದರ ಕಾಗುಣಿತ 'ಸೌಂದತ್ತಿ' ಎಂಬಂತೆ. ರಾಮದುರ್ಗವಂತೂ ಬ್ರಿಟಿಷ್ ಜಿಲ್ಲೆಯ ತಾಲ್ಲೂಕೇ ಆಗಿರಲಿಲ್ಲ. 1948ರಲ್ಲಿ ವಿಲೀನವಾಗುವವರೆಗೆ ಅದು ಪ್ರತ್ಯೇಕ ಸಂಸ್ಥಾನ. ಆದ್ದರಿಂದ ಅದರ ವಿಚಾರವನ್ನು ದಕ್ಷಿಣ ಮರಾಠಾ ಸಂಸ್ಥಾನಗಳ ಜೊತೆ ಹುಡುಕಬೇಕು. 1956ರ ಏಕೀಕರಣದವರೆಗೆ ಬೆಳಗಾವಿ ಜಿಲ್ಲೆಯೇ ಮುಂಬೈ ರಾಜ್ಯದಲ್ಲಿತ್ತು. ಊರಿನ ಹಳೆಯ ಹೆಸರು, ಹಳೆಯ ತಾಲ್ಲೂಕು, ಹಳೆಯ ಕಾಗುಣಿತ, ಈ ಮೂರು ತಿಳಿಯದೆ ಗಣಕಯಂತ್ರದಲ್ಲಿ ಎಷ್ಟು ಸಲ ಟೈಪು ಮಾಡಿದರೂ ಫಲವಿಲ್ಲ. ಗ್ರಂಥಪಾಲಕರನ್ನು ಕೇಳಿದರೆ ಐದು ನಿಮಿಷದಲ್ಲಿ ದಾರಿ ಸಿಗುತ್ತದೆ.

ಚೆನ್ನಮ್ಮ, ಸಂಗೊಳ್ಳಿ ರಾಯಣ್ಣರ ಬಗ್ಗೆ ಜನ ಕಟ್ಟಿದ ಲಾವಣಿಗಳಿವೆ. ಅವುಗಳ ಸಂಗ್ರಹ ಇತಿಹಾಸದ ಕಪಾಟಿನಲ್ಲಿ ಇರದೆ ಜಾನಪದದ 398ರಲ್ಲಿ ಇರಬಹುದು. ಅಲ್ಲಿಯೂ ನೋಡುವುದನ್ನು ಮರೆಯಬೇಡಿ.

ಮೂರನೆಯ ಚೀಟಿ: ಗಣಕಯಂತ್ರದ ಸೌಲಭ್ಯ

'ಓಪ್ಯಾಕ್ ಲಭ್ಯವಿದೆ' ಎಂಬ ಸೂಚನೆ ಕಂಡರೆ ಅದು ಗ್ರಂಥಸೂಚಿಯ ಹೊಸ ರೂಪ ಎಂದು ತಿಳಿಯಿರಿ. ಲೇಖಕ, ಶೀರ್ಷಿಕೆ, ವಿಷಯ, ಯಾವುದರಿಂದ ಬೇಕಾದರೂ ಹುಡುಕಬಹುದು. ಪುಸ್ತಕ ಕಪಾಟಿನಲ್ಲಿದೆಯೇ, ಯಾರಾದರೂ ಒಯ್ದಿದ್ದಾರೆಯೇ ಎಂಬುದೂ ಗೊತ್ತಾಗುತ್ತದೆ. ಇದಕ್ಕೆ ಬಳಸುವ ತಂತ್ರಾಂಶಗಳಲ್ಲಿ ಒಂದು ಕೋಹಾ. ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯಕ್ಕಾಗಿ ತಯಾರಾಗಿ 2000ದಲ್ಲಿ ಬಳಕೆಗೆ ಬಂದ ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಅಲ್ಲಿನ ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ.

ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸಲು 1991ರಲ್ಲಿ ಇನ್‌ಫ್ಲಿಬ್‌ನೆಟ್ ಆರಂಭವಾಯಿತು. 2010ರಲ್ಲಿ ಬಂದ ಎನ್-ಲಿಸ್ಟ್ ಯೋಜನೆಯಿಂದ ಸದಸ್ಯ ಕಾಲೇಜುಗಳಿಗೂ ಸಾವಿರಾರು ಇ-ನಿಯತಕಾಲಿಕೆಗಳು ತೆರೆದವು. 2018ರಲ್ಲಿ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ದೇಶಕ್ಕೆ ಅರ್ಪಣೆಯಾಯಿತು. 2025ರ ಜನವರಿ 1ರಿಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದೊರೆಯತೊಡಗಿದವು. ನಿಮ್ಮ ಕಾಲೇಜಿಗೆ ಇವುಗಳಲ್ಲಿ ಯಾವುದು ಅನ್ವಯಿಸುತ್ತದೆ, ನಿಮ್ಮ ಪಾಸ್‌ವರ್ಡ್ ಎಲ್ಲಿ ಸಿಗುತ್ತದೆ ಎಂದು ಕೇಳಿ ತಿಳಿಯಿರಿ. ಹಣ ಕೊಟ್ಟ ಸೌಲಭ್ಯವನ್ನು ಬಳಸದೆ ಬಿಡುವುದು ನೀರು ಹರಿಸಿದ ಹೊಲದಲ್ಲಿ ಬಿತ್ತದೆ ಇದ್ದ ಹಾಗೆ.

ಗಣಕಯಂತ್ರದಲ್ಲಿ ಸಿಗದಿರುವುದು

ಜಗತ್ತಿನ ಸಂಗತಿಗಳೆಲ್ಲ ಪರದೆಯ ಮೇಲೆ ಬಂದರೂ ನಿಮ್ಮ ತಾಲ್ಲೂಕಿನ ಸಂಗತಿ ತಾನಾಗಿ ಬರುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದದ್ದು ನಿಮಗೆ ನೆನಪಿರಬಹುದು. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ರಾಮದುರ್ಗ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ನುಗ್ಗಿತು. ಯಾವ ಓಣಿಯಲ್ಲಿ ಎಷ್ಟು ನೀರು ನಿಂತಿತು, ಯಾವ ಶಾಲೆ ಎಷ್ಟು ದಿನ ಮುಚ್ಚಿತ್ತು, ಯಾರ ಮಗ್ಗ ಕೆಟ್ಟಿತು ಎಂಬ ವಿವರಗಳು ಆಗಿನ ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಬರುವಂಥವು. ಇಪ್ಪತ್ತು ವರ್ಷದ ನಂತರ ಪ್ರವಾಹದ ಬಗ್ಗೆ ಅಧ್ಯಯನ ಮಾಡುವ ವಿದ್ಯಾರ್ಥಿಗೆ ಅವು ಎಲ್ಲಿ ಸಿಗಬೇಕು? ರದ್ದಿಗೆ ಹೋದರೆ ಹೋದವು.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕು. ಮರದಲ್ಲಿ ಸೆಲ್ಯುಲೋಸ್ ಎಂಬ ನಾರಿನ ಜೊತೆಗೆ ಲಿಗ್ನಿನ್ ಎಂಬ ವಸ್ತು ಇರುತ್ತದೆ. ಒಳ್ಳೆಯ ಕಾಗದ ಮಾಡುವಾಗ ಲಿಗ್ನಿನ್ನನ್ನು ತೆಗೆಯುತ್ತಾರೆ. ಅಗ್ಗದ ಪತ್ರಿಕಾ ಕಾಗದದಲ್ಲಿ ಸಾಮಾನ್ಯವಾಗಿ ಅದು ಉಳಿದಿರುತ್ತದೆ. ಬೆಳಕು ಮತ್ತು ಗಾಳಿಯ ಆಮ್ಲಜನಕ ತಗುಲಿದಾಗ ಲಿಗ್ನಿನ್ ಹಳದಿಯಾಗುತ್ತದೆ. ಕಾಗದದೊಳಗಿನ ಆಮ್ಲ ಸೆಲ್ಯುಲೋಸಿನ ಉದ್ದ ಸರಪಳಿಯನ್ನು ತುಂಡರಿಸುತ್ತದೆ. ಮಡಿಚಿದರೆ ಕಾಗದ ಮುರಿಯುವುದು ಇದರಿಂದ.

ನೀವೇ ಮಾಡಿ ನೋಡಿ: ಪತ್ರಿಕೆಯ ಒಂದು ತುಂಡಿನ ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ ಒಂದು ವಾರ ಬಿಸಿಲಿನಲ್ಲಿಡಿ. ರಟ್ಟು ತೆಗೆದಾಗ ಎರಡು ಭಾಗಗಳ ಬಣ್ಣವನ್ನು ಹೋಲಿಸಿ.

ಆದ್ದರಿಂದ ಪತ್ರಿಕೆಯ ಸುದ್ದಿಯನ್ನು ಕಾಪಾಡುವುದಾದರೆ ಒಳ್ಳೆಯ ಬಿಳಿ ಕಾಗದದ ಮೇಲೆ ಜೆರಾಕ್ಸ್ ತೆಗೆಯಿರಿ, ಸಾಧ್ಯವಾದರೆ ಸ್ಕ್ಯಾನ್ ಮಾಡಿ. ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆ ಬರೆಯಿರಿ; ಇವಿಲ್ಲದ ತುಂಡನ್ನು ಮುಂದೆ ಯಾರೂ ಆಧಾರವಾಗಿ ಬಳಸಲಾರರು. ಸೆಲೋಟೇಪು ಅಂಟಿಸಬೇಡಿ, ಅದರ ಅಂಟು ಕಲೆಯಾಗಿ ಉಳಿಯುತ್ತದೆ. ಗುಂಡುಸೂಜಿಯೂ ಬೇಡ, ತುಕ್ಕು ಹಿಡಿಯುತ್ತದೆ. ಪತ್ರಿಕೆಯ ತುಂಡಿನಷ್ಟೇ ಬೆಲೆ ಕಾಲೇಜಿನ ವಾರ್ಷಿಕ ಸಂಚಿಕೆ, ಜಾತ್ರೆ ಮತ್ತು ಉತ್ಸವಗಳ ಸ್ಮರಣ ಸಂಚಿಕೆ, ಸಹಕಾರಿ ಸಂಘಗಳ ವರದಿಗಳಿಗೂ ಇದೆ. ಕೆಲವೇ ಪ್ರತಿ ಅಚ್ಚಾಗುವ ಇಂಥವನ್ನು ದೂರದ ದೊಡ್ಡ ಗ್ರಂಥಾಲಯ ಸಂಗ್ರಹಿಸುವುದು ಅಪರೂಪ. ನಿಮ್ಮ ಕಾಲೇಜಿನ ಕಪಾಟಿನಲ್ಲಿ ಇಲ್ಲದಿದ್ದರೆ ಎಲ್ಲಿಯೂ ಇಲ್ಲದಂತಾದೀತು.

ನೀವು ಮಾಡಬಹುದಾದದ್ದು

ಹೊಸ ಪುಸ್ತಕಗಳ ಆಯ್ಕೆಯಲ್ಲಿ ವಿದ್ಯಾರ್ಥಿಗಳ ಮಾತಿಗೂ ಸ್ಥಾನವಿದೆ. ಅಧ್ಯಾಪಕರು ಬೇಡಿಕೆಯ ಪಟ್ಟಿ ಕೊಡುತ್ತಾರೆ, ಗ್ರಂಥಾಲಯ ಸಮಿತಿ ಪರಿಶೀಲಿಸುತ್ತದೆ. ನಿಮಗೆ ಬೇಕಾದ ಪುಸ್ತಕದ ಹೆಸರು, ಲೇಖಕ, ಪ್ರಕಾಶಕರನ್ನು ಬರೆದು ಗ್ರಂಥಪಾಲಕರಿಗೆ ಕೊಡಿ. ಬಂದಾಗಲೆಲ್ಲ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ. ಎಷ್ಟು ಜನ ಬಂದರು, ಎಷ್ಟು ಪುಸ್ತಕ ಒಯ್ದರು ಎಂಬ ಲೆಕ್ಕವೇ ಮುಂದಿನ ವರ್ಷ ಹೆಚ್ಚಿನ ಹಣ ಕೇಳಲು ಗ್ರಂಥಾಲಯಕ್ಕಿರುವ ಆಧಾರ. ಸಂಜೆಯ ಬಸ್ಸಿನ ಸಮಯಕ್ಕೂ ಗ್ರಂಥಾಲಯದ ಸಮಯಕ್ಕೂ ಹೊಂದಿಕೆಯಾಗದಿದ್ದರೆ ನಾಲ್ಕಾರು ಮಂದಿ ಸೇರಿ ಪ್ರಾಂಶುಪಾಲರಿಗೆ ಮನವಿ ಕೊಡಿ. ರಜೆಯಲ್ಲಿ ಕಾಲೇಜು ಮುಚ್ಚಿದಾಗ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ನಿಮ್ಮ ಮನೆಯವರು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ಸೇರಿರುತ್ತದೆ.

ನಾಳೆ ಕಾಲೇಜಿಗೆ ಹೋದಾಗ ಫಲಕದ ಮುಂದೆ ಎರಡು ನಿಮಿಷ ನಿಲ್ಲಿ. ಹೊಸ ಪುಸ್ತಕಗಳ ಪಟ್ಟಿಯಲ್ಲಿ ಒಂದರ ಸಂಖ್ಯೆಯನ್ನು ಗುರುತು ಹಾಕಿಕೊಂಡು ಒಳಗೆ ಹೋಗಿ ಕಪಾಟಿನಲ್ಲಿ ನೀವೇ ಹುಡುಕಿ. ಅದರ ಎಡಬಲಕ್ಕಿರುವ ಪುಸ್ತಕಗಳನ್ನೂ ತೆಗೆದು ನೋಡಿ. ಅವೂ ಅದೇ ವಿಷಯದವೇ ಆಗಿರುತ್ತವೆ.