ಪರದೆ ಏಳುವ ಮುನ್ನ

ನಾಟಕವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗಂಟೆ ಬಾರಿಸಿ, ಸಭಾಂಗಣದ ದೀಪ ಆರಿ, ಪರದೆ ಸರಿದ ಮೇಲೆ ಶುರುವಾಗುವ ಸಂಗತಿ. ಆದರೆ ಸಂಜೆ ಏಳಕ್ಕೆ ಕಾಣುವ ನಾಟಕ ಆ ದಿನ ಮಧ್ಯಾಹ್ನವೇ ಶುರುವಾಗಿರುತ್ತದೆ. ಸರಿಯಾಗಿ ಹೇಳಬೇಕೆಂದರೆ ಅದಕ್ಕೂ ಎರಡು ಮೂರು ತಿಂಗಳ ಮೊದಲೇ. ಆ ಹೊತ್ತಿನಲ್ಲಿ ಪರದೆಯ ಹಿಂದೆ ನಡೆಯುವ ಮಾತುಕತೆ ಪ್ರೇಕ್ಷಕರ ಕಿವಿಗೆ ಬೀಳುವುದಿಲ್ಲ. ನನ್ನ ಕಿವಿಗೆ ಬಿದ್ದದ್ದು ಒಂದು ತಪ್ಪಿನಿಂದಾಗಿ. ಆ ತಪ್ಪು ನನ್ನದೇ.

ಊರೂರು ಸುತ್ತುವ ತಂಡಗಳು

ತಿರುಗುವ ನಾಟಕ ತಂಡ ಕನ್ನಡ ನಾಡಿಗೆ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿ ಊರೂರಲ್ಲಿ ಬಿಡಾರ ಹೂಡುತ್ತಿದ್ದುದನ್ನು ನಮ್ಮ ಹಿರಿಯರು ಕಥೆಯಂತೆ ಹೇಳುತ್ತಿದ್ದರು. ಕಂಪೆನಿಗಳ ಕಾಲ ಇಳಿಮುಖವಾದ ಮೇಲೆ ಆ ಕೆಲಸವನ್ನು ಬೇರೆ ರೀತಿಯಲ್ಲಿ ಕೈಗೆತ್ತಿಕೊಂಡದ್ದು ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ. 1949ರಲ್ಲಿ ಹಳ್ಳಿಯ ಹವ್ಯಾಸಿ ಸಂಘವಾಗಿ ಶುರುವಾದ ಈ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. 1985ರಲ್ಲಿ ‘ತಿರುಗಾಟ’ ಎಂಬ ವೃತ್ತಿಪರ ತಂಡವನ್ನು ಕಟ್ಟಿತು. ಇದನ್ನೆಲ್ಲ ಮುನ್ನಡೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಂಥ ತಂಡದ ಕ್ರಮ ಸರಳ. ಮಳೆಗಾಲದಲ್ಲಿ ಒಂದೆಡೆ ಕುಳಿತು ನಾಟಕಗಳನ್ನು ಸಿದ್ಧಪಡಿಸುವುದು, ಮಳೆ ನಿಂತ ಮೇಲೆ ಸಾಮಾನು ಕಟ್ಟಿಕೊಂಡು ಹೊರಡುವುದು. ನಟ ನಟಿಯರೇ ಪೆಟ್ಟಿಗೆ ಇಳಿಸಬೇಕು, ಕಂಬ ನಿಲ್ಲಿಸಬೇಕು, ರಾತ್ರಿ ಮತ್ತೆ ಎಲ್ಲವನ್ನೂ ಬಿಚ್ಚಿ ವಾಹನಕ್ಕೆ ಏರಿಸಬೇಕು. ಊಟ, ವಸತಿ, ಸಭಾಂಗಣದ ಹೊಣೆ ಊರಿನ ಸಂಘಟಕರದು.

‘ಸಾಕಷ್ಟಿದೆ’ ಎಂದ ವಿಜ್ಞಾನ ಮೇಷ್ಟ್ರು

1998ರಲ್ಲಿ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೆ. ಅಂಥದೇ ಒಂದು ಸಣ್ಣ ತಂಡವನ್ನು ನಮ್ಮೂರಿಗೆ ಕರೆಸಿದಾಗ ಸಂಘಟಕರ ಪೈಕಿ ಪತ್ರ ಬರೆಯುವ ಕೆಲಸ ನನಗೆ ಬಿತ್ತು. ‘ಸಭಾಂಗಣದ ವಿದ್ಯುತ್ ಸಂಪರ್ಕ ಎಷ್ಟು ಆಂಪಿಯರ್‌ನದು?’ ಎಂದು ತಂಡದವರು ಕೇಳಿದ್ದರು. ನಾನು ಹೋಗಿ ನೋಡಲಿಲ್ಲ. ‘ಸಾಕಷ್ಟಿದೆ’ ಎಂದು ಬರೆದುಬಿಟ್ಟೆ.

ನಾಟಕದ ದಿನ ಮಧ್ಯಾಹ್ನ ಮೂರಕ್ಕೆ ಬೆಳಕಿನ ಹುಡುಗ ಮೀಟರಿನ ಪೆಟ್ಟಿಗೆ ತೆರೆದು ನೋಡಿ ನನ್ನತ್ತ ತಿರುಗಿದ. “ಸರ್, ಇಲ್ಲಿರೋದು ಮೂವತ್ತು ಆಂಪಿಯರ್. ನಮ್ಮದು ಸಾವಿರ ವಾಟಿನ ಹನ್ನೆರಡು ದೀಪ.”

ಲೆಕ್ಕ ನೀವೂ ಮಾಡಬಹುದು. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 12,000 ವಾಟನ್ನು 230ರಿಂದ ಭಾಗಿಸಿದರೆ ಸುಮಾರು 52. ಮೂವತ್ತು ತಡೆಯುವ ಕಡೆ ಐವತ್ತೆರಡು! ಅದೇ ವಾರ ಈ ಸೂತ್ರವನ್ನು ನಾನು ಹತ್ತನೆಯ ತರಗತಿಯ ಹಲಗೆಯ ಮೇಲೆ ಬರೆದಿದ್ದೆ. ಊರಲ್ಲಿದ್ದ ಒಂದೇ ಜನರೇಟರ್ ಮದುವೆ ಮನೆಗೆ ಹೋಗಿತ್ತು.

ಸಂಘಟಕರಲ್ಲಿ ಹಿರಿಯರೊಬ್ಬರು, “ಫ್ಯೂಸಿಗೆ ದಪ್ಪ ತಂತಿ ಕಟ್ಟಿಬಿಡಪ್ಪಾ, ಎರಡು ಗಂಟೆ ತಾನೆ?” ಎಂದರು. ನಾನು ಸುಮ್ಮನಿದ್ದೆ. ಹುಡುಗ ಸುಮ್ಮನಿರಲಿಲ್ಲ. “ಯಜಮಾನರೇ, ಆಗ ಫ್ಯೂಸು ಉಳಿಯುತ್ತೆ, ಗೋಡೆಯೊಳಗಿನ ವೈರು ಕಾಯುತ್ತೆ. ಕೆಳಗೆ ಮಕ್ಕಳು ಕೂತಿರ್ತಾರೆ. ನಾಟಕ ಬೇಕಾದರೆ ಕತ್ತಲಲ್ಲೇ ಆಡ್ತೀವಿ, ಅದನ್ನು ಮಾತ್ರ ಮಾಡಲ್ಲ” ಎಂದ. ಫ್ಯೂಸಿನ ತಂತಿ ತಾನು ಕರಗಿ ಮನೆಯನ್ನು ಉಳಿಸುತ್ತದೆ ಎಂದು ಪಾಠ ಹೇಳುತ್ತಿದ್ದವನು ನಾನು. ಆ ಪಾಠವನ್ನು ನಡೆಸಿ ತೋರಿಸಿದವನು ಅವನು.

ಆರು ದೀಪದ ಮಾತುಕತೆ

ಆಮೇಲೆ ನಡೆದದ್ದೇ ನಾನು ನಿಮಗೆ ಹೇಳಬೇಕೆಂದಿರುವ ಸಂಗತಿ. ಯಾವ ಕ್ಷಣದಲ್ಲೂ ಆರಕ್ಕಿಂತ ಹೆಚ್ಚು ದೀಪಗಳಷ್ಟು ಭಾರ ಬೀಳಬಾರದೆಂದು ತೀರ್ಮಾನವಾಯಿತು. ಆರು ಪೂರ್ತಿ ಉರಿದರೆ ಸುಮಾರು 26 ಆಂಪಿಯರ್. ಹಾಗಾದರೆ ಯಾವ ದೃಶ್ಯದಲ್ಲಿ ಯಾವ ಆರು?

ನಿರ್ದೇಶಕರು ಜೊತೆಗಿರಲಿಲ್ಲ. ತಾಲೀಮು ಮುಗಿಸಿ, ನಾಟಕವನ್ನು ತಂಡದ ಕೈಗೊಪ್ಪಿಸಿ ಅವರು ಹಿಂದುಳಿದಿದ್ದರು. ಹದಿನೈದು ಜನ ರಂಗದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಪ್ರತಿ ದೃಶ್ಯಕ್ಕೂ ಒಂದೇ ಪ್ರಶ್ನೆ: ‘ಇಲ್ಲಿ ಜನ ಏನನ್ನು ನೋಡಲೇಬೇಕು?’

ಒಬ್ಬ, ರಾಜನ ಮುಖ ಎಂದ. ನಟಿಯೊಬ್ಬಳು, “ಅಲ್ಲಣ್ಣ, ಮಾತಾಡೋದು ರಾಜ. ಆದರೆ ಆ ಮಾತು ತಾಗೋದು ದೂತನಿಗೆ. ಅವನ ಮುಖ ಕಾಣಬೇಕು” ಎಂದಳು. ಚರ್ಚೆ ಹತ್ತು ನಿಮಿಷ ನಡೆಯಿತು. ಕೊನೆಗೆ ರಾಜನಿಗೆ ಬದಿಯಿಂದ ಒಂದೇ ದೀಪ, ದೂತನಿಗೆ ಎದುರಿನಿಂದ ಎರಡು. ಇನ್ನೊಂದು ದೃಶ್ಯದಲ್ಲಿ ನೀಲಿ ಹಾಳೆಯ ದೀಪ ಮಾತ್ರ ಉಳಿಸೋಣವೆಂದಾಗ ಉಡುಪು ನೋಡಿಕೊಳ್ಳುವವಳು ತಡೆದಳು: “ನನ್ನ ಕೆಂಪು ಸೀರೆ ಕಪ್ಪಾಗಿ ಕಾಣುತ್ತೆ.” ನಿಜ. ಕೆಂಪು ಬಟ್ಟೆ ಕೆಂಪು ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ನೀಲಿ ಬೆಳಕಿನಲ್ಲಿ ಅದಕ್ಕೆ ಹಿಂದಿರುಗಿಸಲು ಹೆಚ್ಚೇನೂ ಇರುವುದಿಲ್ಲ. ನಾನು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುವ ಪ್ರಶ್ನೆ ಅಲ್ಲಿ ಸೀರೆ ಬದಲಿಸುವ ಪ್ರಶ್ನೆಯಾಗಿತ್ತು.

ಅಷ್ಟರಲ್ಲಿ ಒಬ್ಬ ನಟ ಸಭಾಂಗಣದ ಮಧ್ಯೆ ನಿಂತು ಚಪ್ಪಾಳೆ ತಟ್ಟಿ ಕಿವಿಗೊಟ್ಟ. ಖಾಲಿ ಗೋಡೆಗಳು ಸದ್ದನ್ನು ಹಿಂದಕ್ಕೆಸೆದವು. “ಈಗ ಮೊಳಗುತ್ತೆ ಸರ್. ಸಂಜೆ ಜನ ತುಂಬಿದರೆ ಅವರ ಮೈ, ಬಟ್ಟೆಗಳೇ ಸದ್ದು ಕುಡಿಯುತ್ತವೆ” ಎಂದ. ಹಾಗಾದರೆ ಇನ್ನೂ ಗಟ್ಟಿಯಾಗಿ ಕೂಗಬೇಕೇ ಎಂದೆ. “ಕೂಗಿದರೆ ಸ್ವರ ಮಾತ್ರ ಕೇಳುತ್ತೆ, ಮಾತು ಕೇಳಲ್ಲ. ವ್ಯಂಜನ ಸ್ಪಷ್ಟವಾಗಬೇಕು. ಅದಕ್ಕಿಂತ ಮುಖ್ಯ, ವಾಕ್ಯದ ಕೊನೆವರೆಗೆ ಉಸಿರಿರಬೇಕು. ನಮ್ಮ ಕನ್ನಡದಲ್ಲಿ ಕ್ರಿಯಾಪದ ಬರೋದೇ ಕೊನೆಗೆ. ಅಲ್ಲಿ ದನಿ ಬಿದ್ದರೆ ರಾಜ ಬಂದನೋ ಬರಲಿಲ್ಲವೋ ಹಿಂದಿನ ಬೆಂಚಿಗೆ ಗೊತ್ತೇ ಆಗಲ್ಲ!”

ಅಂದಿನಿಂದ ಇಂದಿನವರೆಗೂ ತರಗತಿಯಲ್ಲಿ ನನ್ನ ವಾಕ್ಯದ ಕೊನೆಯನ್ನು ನಾನು ನುಂಗುವುದಿಲ್ಲ.

ರಾತ್ರಿ ಹನ್ನೊಂದರ ಲೆಕ್ಕ

ನಾಟಕ ನಡೆಯಿತು. ಜನ ಮೆಚ್ಚಿದರು. ದೂತನ ಮುಖದ ದೃಶ್ಯದಲ್ಲಿ ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಎಲ್ಲವೂ ಗೆದ್ದಿತೆಂದು ಮಾತ್ರ ಹೇಳಲಾರೆ. ಕೊನೆಯ ಯುದ್ಧದ ದೃಶ್ಯಕ್ಕೆ ಹನ್ನೆರಡೂ ದೀಪ ಬೇಕಿತ್ತು. ಆರರಲ್ಲಿ ಅದು ಮಂಕಾಯಿತು. ರಾತ್ರಿ ಶಾಲೆಯ ಜಗಲಿಯಲ್ಲಿ ಅನ್ನ ಸಾರು ಉಣ್ಣುತ್ತ ತಂಡದವರು ಆ ದಿನದ ಲೆಕ್ಕ ಒಪ್ಪಿಸಿಕೊಂಡರು. ಯಾರು ಅರ್ಧ ಹೆಜ್ಜೆ ಬೇಗ ಬಂದರು, ಯಾವ ಮಾತು ಬಿಟ್ಟುಹೋಯಿತು ಎಂದು. ಬೆಳಕಿನ ಹುಡುಗ, “ಯುದ್ಧ ಇವತ್ತು ಸೋತಿತು” ಎಂದ. ಯಾರೂ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ನಾಳೆಯ ಊರಿನ ಸಂಪರ್ಕ ಎಷ್ಟೆಂದು ಈಗಲೇ ವಿಚಾರಿಸಬೇಕೆಂದು ಬರೆದುಕೊಂಡರು. ನಾನು ತಲೆ ತಗ್ಗಿಸಿ ಬಡಿಸುತ್ತಿದ್ದೆ. ಕೊನೆಗೆ ತಡೆಯಲಾರದೆ ಕ್ಷಮೆ ಕೇಳಿದೆ. ಅವನು, “ಮುಂದಿನ ಸಲ ಪೆಟ್ಟಿಗೆ ತೆರೆದು ನೋಡಿ ಬರೆಯಿರಿ ಸರ್, ಸಾಕು” ಎಂದ.

ನಾವು ಶಿಕ್ಷಕರು ತಪ್ಪಿಗೆ ಅಂಕ ಕಳೆದು ಅಲ್ಲಿಗೆ ಬಿಡುತ್ತೇವೆ. ಅವರ ಬಳಿ ತಪ್ಪು ಮರುದಿನದ ಕೆಲಸವಾಗುತ್ತಿತ್ತು.

ಪಾಲಕರಿಗೊಂದು ಮಾತು

‘ಇದರಿಂದ ಹೊಟ್ಟೆ ತುಂಬುತ್ತದೆಯೇ?’ ಎಂದು ನೀವು ಕೇಳುವುದು ಸಹಜ. ಅಂದು ನಾನೂ ಆ ನಟಿಯನ್ನು ಕೇಳಿದ್ದೆ. ಅವಳು ಮುಚ್ಚಿಡಲಿಲ್ಲ. ತಿರುಗಾಟ ಮುಗಿಯುವವರೆಗೆ ಸಂಬಳ, ಆಮೇಲೆ ಮತ್ತೆ ಹುಡುಕಾಟ ಎಂದಳು. ಇಂಥ ತಂಡಗಳಿಂದ ಹೊರಬಂದವರಲ್ಲಿ ಕೆಲವರು ನಾಟಕ ಶಿಕ್ಷಕರಾಗಿದ್ದಾರೆ, ಕೆಲವರು ಕಿರುತೆರೆ, ಸಿನಿಮಾಗಳಿಗೆ ಹೋಗಿದ್ದಾರೆ, ಕೆಲವರು ತೋಟ, ಅಂಗಡಿಗೆ ಮರಳಿದ್ದಾರೆ. ಮಗ ಅಥವಾ ಮಗಳು ಈ ದಾರಿ ಹಿಡಿಯುತ್ತೇನೆಂದರೆ ಈ ಸತ್ಯವನ್ನು ಮುಂದಿಟ್ಟುಕೊಂಡೇ ಮಾತಾಡಿ. ಹೆದರಿಸಬೇಡಿ, ಉಬ್ಬಿಸಲೂ ಬೇಡಿ.

ಆದರೆ ಎಲ್ಲ ಮಕ್ಕಳೂ ನಟರಾಗಬೇಕಿಲ್ಲ. ಇರುವ ಆರು ದೀಪಗಳಲ್ಲಿ ಯಾವುದನ್ನು ತೋರಿಸಬೇಕೆಂದು ಹದಿನೈದು ಜನ ಕೂತು ಜಗಳವಿಲ್ಲದೆ ತೀರ್ಮಾನಿಸುವುದನ್ನು ಒಮ್ಮೆ ನೋಡಿದರೆ ಸಾಕು. ಇಂದು ಕಡಿಮೆ ವಿದ್ಯುತ್ತಿನ ಎಲ್‌ಇಡಿ ದೀಪಗಳು ಬಂದಿವೆ, ಆಂಪಿಯರಿನ ಕಷ್ಟ ತಗ್ಗಿದೆ. ಆ ಪ್ರಶ್ನೆ ಮಾತ್ರ ಹಾಗೆಯೇ ಇದೆ.

ನಿಮ್ಮೂರಿಗೆ ನಾಟಕ ತಂಡ ಬಂದರೆ, ಸಂಘಟಕರ ಅನುಮತಿ ಕೇಳಿ ಮಕ್ಕಳನ್ನು ಮಧ್ಯಾಹ್ನ ಮೂರಕ್ಕೇ ಕರೆದುಕೊಂಡು ಹೋಗಿ. ಒಂದು ಮೂಲೆಯಲ್ಲಿ ಸದ್ದಿಲ್ಲದೆ ಕೂರಿಸಿ. ಸಂಜೆ ಅವರು ನೋಡುವ ನಾಟಕವೇ ಬೇರೆಯಾಗಿರುತ್ತದೆ.