ಮಂಗಳೂರು ಎಷ್ಟು ಹೊತ್ತಿನ ದಾರಿ?

ಮುಂಬಯಿಯಿಂದ ಮಂಗಳೂರಿಗೆ ಆಕಾಶದಲ್ಲಿ ಎಷ್ಟು ದೂರ? ಅಟ್ಲಾಸು ಸಾಕು. ಮುಂಬಯಿ 19ನೇ ಅಕ್ಷಾಂಶದ ಹತ್ತಿರ, ಮಂಗಳೂರು 13ರ ಹತ್ತಿರ. ಒಂದು ಅಂಶಕ್ಕೆ ಸುಮಾರು 111 ಕಿ.ಮೀ. ಹಿಡಿದರೆ ಆರಕ್ಕೆ 666. ಮಂಗಳೂರು ಎರಡು ರೇಖಾಂಶ ಪೂರ್ವಕ್ಕೂ ಇದೆಯಲ್ಲ, ಆ ಓರೆ ಸೇರಿ 700ರ ಆಸುಪಾಸು.

ಗಂಟೆಗೆ 800 ಕಿ.ಮೀ. ಹಾರುವ ಜೆಟ್ಟಿಗೆ ಇದು ಒಂದು ಗಂಟೆಯೂ ಅಲ್ಲ. ವೇಳಾಪಟ್ಟಿಯಲ್ಲಿ ಮಾತ್ರ ಸುಮಾರು ಒಂದೂವರೆ! ಪೂರ್ಣ ವೇಗ ಸಿಗುವುದು ಮೇಲೇರಿದ ಮೇಲೆಯೇ; ಜೊತೆಗೆ ಮುಂಬಯಿಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಹಾಗಾಗಿ ಸರದಿ ಕಾಯಬೇಕು.

ಸಾವಿನ ಸುದ್ದಿ ಬಂದವನ ಲೆಕ್ಕ ಬೇರೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿ ತೆರೆಯುವ ಮೊದಲು ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿ. ಮಗ ಮುಟ್ಟುವಷ್ಟರಲ್ಲಿ ಚಿತೆ ಆರಿರುತ್ತಿದ್ದುದೂ ಉಂಟು. ಬಜಪೆಯಲ್ಲಿ ವಿಮಾನ ನಿಲ್ದಾಣ 1951ರಲ್ಲೇ ತೆರೆದಿತ್ತು, ನಿಜ. ಆದರೆ ಕ್ಯಾಂಟೀನ್ ಹುಡುಗನ ಸಂಬಳಕ್ಕೆ ಟಿಕೇಟು ಎಟುಕಬೇಡವೇ?

ಈಗ ಎಟುಕುತ್ತದೆ ಅನ್ನೋಣ. ಆದರೂ ಡೊಂಬಿವಲಿಯಿಂದ ಲೋಕಲ್ಲು, ರಿಕ್ಷಾ, ತಪಾಸಣೆಯ ಸಾಲು, ಬಜಪೆಯಿಂದ ಕುಂದಾಪುರದ ರಸ್ತೆ ಎಲ್ಲ ಕೂಡಿದರೆ ಏಳೆಂಟು ಗಂಟೆ. "ಇಷ್ಟೊತ್ತಿಗೆ ಬರ್ತೇನೆ, ಎತ್ತಬೇಡಿ" ಅಂತ ಫೋನಿನಲ್ಲಿ ಹೇಳುವಾಗ ಹಿಡಿಯಬೇಕಾದ್ದು ಈ ಲೆಕ್ಕ.