ಗಗನದಿಂದ ಜಿಗಿಯುವ ಹಂಬಲ: ಹೊಸಬರಿಗೆ ಆದರದ ತಾಣ ಯಾವುದು?

ನಾಗರ ಪಂಚಮಿ ಬಂದಿತೆಂದರೆ ನಮ್ಮ ಕುಪ್ಪೇಲೂರಿನಲ್ಲಿ ಜೋಕಾಲಿಯ ಸಂಭ್ರಮ. ಗಟ್ಟಿಮುಟ್ಟಾದ ಮರದ ಕೊಂಬೆಗೆ ಹಗ್ಗ ಬಿಗಿದು ಹೆಣ್ಣುಮಕ್ಕಳು ಇಬ್ಬಿಬ್ಬರಾಗಿ ನಿಂತು ಜೀಕುವುದನ್ನು ನೋಡಲು ಓಣಿಯ ಜನವೆಲ್ಲ ನೆರೆಯುತ್ತದೆ. ಜೋಕಾಲಿ ತುತ್ತತುದಿಗೇರಿ ಹಿಂದಿರುಗುವ ಮುನ್ನ ದೇಹಕ್ಕೆ ಭಾರವೇ ಇಲ್ಲವೆನ್ನಿಸುವ ಆ ಒಂದು ಕ್ಷಣವನ್ನು ನಮ್ಮ ತಾಯಂದಿರೆಲ್ಲರೂ ಬಲ್ಲರು. ನೆಲವನ್ನು ಬಿಟ್ಟು ಮೇಲೇಳಬೇಕೆಂಬ ಹಂಬಲ ಮಾನವನಿಗೆ ಸಹಜವಾಗಿಯೇ ಬಂದುದು.

ಅಂಥದೊಂದು ಪಂಚಮಿಗೆ ಬೆಂಗಳೂರಿನಿಂದ ಊರಿಗೆ ಬಂದಿದ್ದ ನಮ್ಮ ಅಣ್ಣನ ಮಗಳು ಉಂಡಿ ತಿನ್ನುತ್ತ ಕುಳಿತಿದ್ದವಳು ಮೆಲ್ಲಗೆ, "ಕಾಕಾ, ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗೀಬೇಕಂತ ಮಾಡೇನಿ. ಅಪ್ಪಾಜಿಗೆ ನೀವ ಹೇಳ್ರಿ" ಎಂದಳು. ಅಲ್ಲಿಯೇ ಇದ್ದ ನಮ್ಮ ತಾಯಿಯವರು, "ನೆಲದ ಮ್ಯಾಲ ಅಡ್ಡಾಡಾಕ ಜಾಗಾ ಸಾಲದಾತೇನವ್ವಾ ನಿನಗ?" ಎಂದು ಎದ್ದು ಒಳಗೆ ನಡೆದರು. ಅಣ್ಣನವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ನೀನ ವಿಚಾರಿಸಿ ನೋಡು. ನಿನ್ನ ಮನಸ್ಸಿಗೆ ಬಂದ್ರ ಆಮ್ಯಾಲ ಮಾತು" ಎಂದು ಭಾರವನ್ನು ನಮ್ಮ ಮೇಲೆ ಹೊರಿಸಿದರು. ಹೀಗೆ ಆರು ತಿಂಗಳ ಕಾಲ ನಾವು ವಿಚಾರಿಸಿ ತಿಳಿದುದನ್ನು, ಇಂಥ ಬೇಡಿಕೆ ಬಂದಿರುವ ಇತರ ಮನೆಗಳಿಗೂ ಉಪಯೋಗವಾದೀತೆಂಬ ಭಾವನೆಯಿಂದ ಇಲ್ಲಿ ಬರೆಯುತ್ತಿದ್ದೇವೆ.

ಜಿಗಿತದ ಮೂರು ಬಗೆ

ಈ ಸಾಹಸ ಹೊಸದೇನೂ ಅಲ್ಲ. ಫ್ರಾನ್ಸಿನ ಗಾರ್ನೆರಿನ್ 1797ರಲ್ಲಿಯೇ ಪ್ಯಾರಿಸ್ಸಿನ ಮೇಲೆ ಬಲೂನಿನಿಂದ ಪ್ಯಾರಾಚೂಟ್ ಮೂಲಕ ಇಳಿದನು. ನಮ್ಮ ದೇಶದವರೇ ಆದ ರಾಮಚಂದ್ರ ಚಟರ್ಜಿಯವರು 1890ರಲ್ಲಿ ಕಲ್ಕತ್ತೆಯಲ್ಲಿ ಹಾಗೆಯೇ ಇಳಿದು ಜನರನ್ನು ಬೆರಗುಗೊಳಿಸಿದರು.

ಇಂದು ಹೊಸಬರಿಗೆ ಮೂರು ದಾರಿಗಳಿವೆ. ಮೊದಲನೆಯದು ಟ್ಯಾಂಡೆಮ್, ಅಂದರೆ ಜೋಡಿ ಜಿಗಿತ. ಇದರಲ್ಲಿ ಹೊಸಬರನ್ನು ಅನುಭವಿ ಶಿಕ್ಷಕರ ಎದೆಗೆ ಬಲವಾದ ಪಟ್ಟಿಗಳಿಂದ ಬಂಧಿಸಿರುತ್ತಾರೆ. ಸಾಮಾನ್ಯವಾಗಿ 10,000 ಅಡಿ ಅಥವಾ ಅದಕ್ಕೂ ಮೇಲಿನಿಂದ ಇಬ್ಬರೂ ಕೂಡಿ ಜಿಗಿಯುತ್ತಾರೆ. ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಬೀಳುವುದು; ಸುಮಾರು 5,000 ಅಡಿಯ ಎತ್ತರದಲ್ಲಿ ಶಿಕ್ಷಕರು ಪ್ಯಾರಾಚೂಟ್ ಬಿಚ್ಚಿದ ಬಳಿಕ ಕೆಲವು ನಿಮಿಷಗಳ ಕಾಲ ತೇಲುತ್ತ ಇಳಿಯುವುದು. ಅರ್ಧ ಗಂಟೆಯ ತಿಳಿವಳಿಕೆ ಪಡೆದರೆ ಸಾಕಾಗುವುದರಿಂದ ಬಹುತೇಕ ಹೊಸಬರು ಇದನ್ನೇ ಆರಿಸಿಕೊಳ್ಳುತ್ತಾರೆ.

ಎರಡನೆಯದು ಸ್ಟ್ಯಾಟಿಕ್ ಲೈನ್. ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಪ್ಯಾರಾಚೂಟನ್ನು ಎಳೆದು ಬಿಚ್ಚುತ್ತದೆ. ಆದರೆ ಜಿಗಿಯುವವರು ಒಬ್ಬರೇ. ಆದ್ದರಿಂದ ಮುಂಚಿತವಾಗಿ ನೆಲದ ಮೇಲಿನ ತರಬೇತಿ ಕಡ್ಡಾಯ. ಮೂರನೆಯದು ತ್ವರಿತ ತರಬೇತಿಯ ಕ್ರಮ. ಆರಂಭದಲ್ಲಿ ಇಬ್ಬರು ಶಿಕ್ಷಕರು ಇಕ್ಕೆಲಗಳಲ್ಲಿ ಹಿಡಿದುಕೊಂಡು ಜೊತೆಗೇ ಬೀಳುತ್ತ ಕಲಿಸುತ್ತಾರೆ. ಮುಂದೆ ಸ್ವತಂತ್ರವಾಗಿ ಜಿಗಿಯಬಯಸುವವರ ದಾರಿ ಇದು. ಅಮೆರಿಕದ ಪ್ಯಾರಾಚೂಟ್ ಸಂಘದ ಮೊದಲ ಹಂತದ ಪರವಾನಗಿಗೆ ಕನಿಷ್ಠ 25 ಜಿಗಿತಗಳು ಬೇಕು.

ಯಾವ ಬಗೆಯಾದರೂ ಎರಡು ಪ್ಯಾರಾಚೂಟುಗಳಿರಬೇಕು: ಒಂದು ಮುಖ್ಯವಾದುದು, ಇನ್ನೊಂದು ಮೀಸಲಿನದು. ನಿಗದಿತ ಎತ್ತರಕ್ಕೆ ಇಳಿದರೂ ಬೀಳುವ ವೇಗ ತಗ್ಗದಿದ್ದರೆ ಮೀಸಲು ಪ್ಯಾರಾಚೂಟನ್ನು ತಾನಾಗಿ ಬಿಚ್ಚುವ ಉಪಕರಣವೂ ಈಗ ಬಳಕೆಯಲ್ಲಿದೆ. ಇಷ್ಟಾದರೂ ಅಪಾಯವೇ ಇಲ್ಲವೆಂದು ತಿಳಿಯಬಾರದು. ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಂಡ ಮೇಲೆಯೂ ನೆಲಕ್ಕಿಳಿಯುವ ಹೊತ್ತಿನ ತಪ್ಪಿನಿಂದ ಅನುಭವಸ್ಥರೇ ಗಾಯಗೊಂಡ ಉದಾಹರಣೆಗಳುಂಟು.

ಮುಂದೆ ನಡೆದ ತಾಯಂದಿರು

"ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕ?" ಎಂಬುದು ನಮ್ಮ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆಯಾಗಿತ್ತು. ಇದಕ್ಕೆ ಉತ್ತರವಾಗಿ ನಾವು ಇಬ್ಬರು ಭಾರತೀಯ ಮಹಿಳೆಯರ ವಿಷಯವನ್ನು ಹಿರಿಯರಿಗೆ ತಿಳಿಸಿದೆವು. ರೇಚಲ್ ಥಾಮಸ್ ಅವರು 1979ರಲ್ಲಿ ಆಗ್ರಾದಲ್ಲಿ ಮೊದಲ ಬಾರಿಗೆ ಜಿಗಿದಾಗ ಸಂಸಾರವಂದಿಗರು, ರೈಲ್ವೆ ಇಲಾಖೆಯ ನೌಕರಿಯಲ್ಲಿದ್ದವರು. 2002ರಲ್ಲಿ ಉತ್ತರ ಧ್ರುವದ ಮೇಲೆ 7,000 ಅಡಿಯಿಂದ ಜಿಗಿದರು. 2005ರಲ್ಲಿ ಪದ್ಮಶ್ರೀ ಪಡೆದರು. ಪುಣೆಯ ಶೀತಲ್ ಮಹಾಜನ್ ಅವರು 2004ರಲ್ಲಿ ತಮ್ಮ ಮೊದಲ ಜಿಗಿತವನ್ನೇ ಉತ್ತರ ಧ್ರುವದ ಮೇಲೆ ಮಾಡಿದರು. 2011ರಲ್ಲಿ ಅವರಿಗೂ ಪದ್ಮಶ್ರೀ ಸಂದಿತು. ಅವರು 2018ರಲ್ಲಿ ಥಾಯ್ಲೆಂಡಿನಲ್ಲಿ ಮರಾಠಿ ಹೆಣ್ಣುಮಕ್ಕಳು ಕಚ್ಚೆ ಹಾಕಿ ಉಡುವ ಒಂಬತ್ತು ಗಜದ ಸೀರೆಯುಟ್ಟೇ 13,000 ಅಡಿಯಿಂದ ಜಿಗಿದುದನ್ನು ಕೇಳಿ ನಮ್ಮ ತಾಯಿಯವರು ಮೊದಲ ಬಾರಿಗೆ ನಕ್ಕರು. "ಸೀರಿ ಗಾಳಿಗೆ ಹಾರಲಿಲ್ಲೇನು?" ಎಂದು ಕೇಳಿದರು. ಆ ಪ್ರಶ್ನೆಯೊಂದಿಗೆ ಮನೆಯಲ್ಲಿ ಮಾತು ಮತ್ತೆ ಆರಂಭವಾಯಿತು.

ಎಲ್ಲಿಗೆ ಹೋಗಬಹುದು?

ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳಿಗೆ ಎಲ್ಲಕ್ಕಿಂತ ಉತ್ತಮ ದಾರಿ ಎನ್.ಸಿ.ಸಿ. ಆಯ್ಕೆಯಾದ ಕೆಡೆಟ್ ಯುವಕ ಯುವತಿಯರಿಗೆ ಆಗ್ರಾದ ವಾಯುಪಡೆಯ ಪ್ಯಾರಾಚೂಟ್ ತರಬೇತಿ ಶಾಲೆಯಲ್ಲಿ ಮೂಲ ತರಬೇತಿ ದೊರೆಯುತ್ತದೆ. ಹಲವು ದಿನ ನೆಲದ ಮೇಲೆ ಉರುಳುವುದು, ಕಾಲೂರುವುದು, ಬಾಗಿಲಲ್ಲಿ ನಿಲ್ಲುವುದನ್ನು ಕಲಿಸಿದ ಬಳಿಕವೇ ಸ್ಟ್ಯಾಟಿಕ್ ಲೈನ್ ಕ್ರಮದಲ್ಲಿ ಜಿಗಿಸುತ್ತಾರೆ. ಆಸ್ತಿವಂತರಲ್ಲದ ರೈತರ ಮಕ್ಕಳಿಗೂ ಇದು ಎಟುಕುವ ಅವಕಾಶ. ಆಸಕ್ತರು ಎರಡನೆಯ ವರ್ಷಕ್ಕೆ ಕಾಲಿಡುವ ಮುನ್ನವೇ ತಮ್ಮ ಕಾಲೇಜಿನ ಎನ್.ಸಿ.ಸಿ. ಅಧಿಕಾರಿಗಳನ್ನು ಕಾಣಬೇಕು.

ಉಳಿದವರಿಗೆ ಖಾಸಗಿ ತಾಣಗಳೇ ಗತಿ. ನಮ್ಮ ರಾಜ್ಯದಲ್ಲಿ ಮೈಸೂರಿನಲ್ಲಿ ಹಿಂದೆ ಸ್ಕೈಡೈವಿಂಗ್ ಶಿಬಿರಗಳು ನಡೆದಿವೆ. ಆದರೆ ಶಿಬಿರಗಳು ಜಾತ್ರೆಯಂತೆ, ಕೂಡಿದಾಗ ಉಂಟು, ಕೂಡದಾಗ ಇಲ್ಲ. ಉತ್ತರದಲ್ಲಿ ಹರಿಯಾಣದ ನಾರನೌಲ್ ಸಮೀಪದ ಬಾಛೋದ್ ವಿಮಾನಪಟ್ಟಿಯಲ್ಲಿ ಜೋಡಿ ಜಿಗಿತಗಳು ನಡೆಯುತ್ತ ಬಂದಿವೆ. ಮಧ್ಯಪ್ರದೇಶದ ಪ್ರವಾಸೋದ್ಯಮ ಮಂಡಳಿಯವರು 2022ರಿಂದ ಉಜ್ಜಯಿನಿಯಲ್ಲಿ ಸ್ಕೈಡೈವಿಂಗ್ ಉತ್ಸವವನ್ನು ನಡೆಸುತ್ತ ಬಂದಿದ್ದಾರೆ. ಜೋಡಿ ಜಿಗಿತದ ಶುಲ್ಕ 30,000 ರೂಪಾಯಿಗಳ ಆಸುಪಾಸಿನಲ್ಲಿರುತ್ತದೆ. ಪ್ರಯಾಣ, ವಸತಿ ಬೇರೆ. ದುಬೈಯಲ್ಲಿ ನೆಲೆಸಿರುವ ನಮ್ಮವರಿಗೆ ಅಲ್ಲಿಯೇ ಹೆಸರಾಂತ ತಾಣವುಂಟು. ಅಷ್ಟು ದೂರ ಹೋಗುವ ಮುನ್ನ ಧೈರ್ಯ ಪರೀಕ್ಷಿಸಿಕೊಳ್ಳಬೇಕೆನ್ನುವವರಿಗೆ, ಕೆಳಗಿನಿಂದ ರಭಸದ ಗಾಳಿಯನ್ನು ಊದಿ ಮನುಷ್ಯನನ್ನು ತೇಲಿಸುವ ಗಾಳಿ ಸುರಂಗ ಹೈದರಾಬಾದಿನಲ್ಲಿ ಆರಂಭವಾಗಿದೆ.

ಆದರದ ಗುರುತು

ವಿಚಾರಣೆಗೆಂದು ನಾವು ಮೊದಲು ಮಾತನಾಡಿಸಿದ ಒಂದು ತಂಡದವರ ವರ್ತನೆ ನಮಗೆ ಹಿಡಿಸಲಿಲ್ಲ. ಪರವಾನಗಿಯ ವಿಷಯ ಕೇಳಿದರೆ, "ಹೆದರಿಕೆ ಇದ್ದರೆ ಬರಬೇಡಿ" ಎಂದರು. ಮಗಳ ಆರೋಗ್ಯದ ಬಗ್ಗೆ ಒಂದು ಮಾತನ್ನೂ ಕೇಳದೆ ಮುಂಗಡ ಕಳಿಸಿರೆಂದರು. ನಾವು ಅಲ್ಲಿಗೇ ಕೈಬಿಟ್ಟೆವು.

ಎರಡನೆಯ ತಂಡದವರು ನಮ್ಮ ಪ್ರಶ್ನೆಗಿಂತ ಮೊದಲು ತಾವೇ ಪ್ರಶ್ನೆ ಕೇಳಿದರು. ವಯಸ್ಸು 18 ತುಂಬಿದೆಯೇ? ತೂಕವೆಷ್ಟು? ಬೆನ್ನು, ಮೊಣಕಾಲು, ಹೃದಯದ ತೊಂದರೆಯುಂಟೇ? ಮೂರ್ಛೆ ಬಂದದ್ದುಂಟೇ? ನಾಗರಿಕ ವಿಮಾನಯಾನ ಇಲಾಖೆಯ ಅನುಮತಿಪತ್ರ, ಶಿಕ್ಷಕರ ಜಿಗಿತಗಳ ಸಂಖ್ಯೆ, ಮೀಸಲು ಪ್ಯಾರಾಚೂಟನ್ನು ಕೊನೆಯ ಬಾರಿ ಮಡಿಚಿದ ದಿನಾಂಕ, ಹವಾಮಾನ ಕೆಟ್ಟರೆ ಹಣ ಹಿಂದಿರುಗಿಸುವ ಕ್ರಮ, ಎಲ್ಲವನ್ನೂ ನಾವು ಕೇಳಿದೆವು. ಬೇಸರವಿಲ್ಲದೆ ಉತ್ತರಿಸಿದರು. ನಮ್ಮ ಸ್ವಂತ ಜೀವವಿಮೆಯ ಕರಾರಿನಲ್ಲಿ ಸಾಹಸಕ್ರೀಡೆಯನ್ನು ಹೊರತುಪಡಿಸಿದೆಯೇ ಎಂದು ನೋಡಿಕೊಳ್ಳುವಂತೆ ಸೂಚಿಸಿದವರೂ ಅವರೇ.

ಕೊನೆಗೆ ನಮ್ಮ ತಾಯಿಯವರ ಪ್ರಶ್ನೆ ಉಳಿದಿತ್ತು. ಜಿಗಿಯುವವರು ಸರ, ಉಂಗುರಗಳನ್ನು ತೆಗೆದಿಡಬೇಕೆಂಬ ನಿಯಮ ಕೇಳಿ, "ಕೊರಳಾಗಿನ ಲಿಂಗಾನೂ ತಗೀಬೇಕೇನು?" ಎಂದು ಕಳವಳಗೊಂಡಿದ್ದರು. ನಾವು ಸಂಕೋಚದಿಂದಲೇ ಇದನ್ನು ಪ್ರಸ್ತಾಪಿಸಿದೆವು. ಆ ಶಿಕ್ಷಕರು ನಗಲಿಲ್ಲ. ಕರಡಿಗೆಯ ಗಾತ್ರವೆಷ್ಟು, ಶಿವದಾರ ಎಷ್ಟು ಉದ್ದ ಎಂದು ಕೇಳಿ ತಿಳಿದುಕೊಂಡು, ಪಟ್ಟಿಗಳು ಒತ್ತದ ಜಾಗದಲ್ಲಿ ಒಳ ಅಂಗಿಯ ಕೆಳಗೆ ಬಟ್ಟೆಯಿಂದ ಮೈಗೆ ಬಿಗಿದು ಕಟ್ಟಿದರೆ ತಮ್ಮ ಅಭ್ಯಂತರವಿಲ್ಲವೆಂದರು. ಆದರೆ ಜಿಗಿಯುವ ಮುನ್ನ ತಮ್ಮ ಮಹಿಳಾ ಸಹಾಯಕರು ಅದನ್ನು ಪರೀಕ್ಷಿಸಬೇಕೆಂದರು. ಅಂದೇ ಅಣ್ಣನವರು ಒಪ್ಪಿದರು. ಎಲ್ಲ ತಾಣಗಳಲ್ಲಿಯೂ ಒಂದೇ ನಿಯಮವಿರಲಾರದು. ಆದ್ದರಿಂದ ಲಿಂಗಧಾರಿಗಳು ಇದನ್ನು ಮುಂಚಿತವಾಗಿಯೇ ಕೇಳಿಕೊಳ್ಳುವುದು ಲೇಸು.

ಆ ದಿನ

ಮಾಘ ಮಾಸದಲ್ಲಿ ಅಣ್ಣನವರು, ಮಗಳು ಮತ್ತು ನಾವು ಉತ್ತರ ಭಾರತದ ಆ ವಿಮಾನಪಟ್ಟಿಗೆ ಹೋದೆವು. ಮೊದಲ ದಿನ ಮಂಜು ಕರಗುವಷ್ಟರಲ್ಲಿ ಗಾಳಿ ಎದ್ದಿತು. ಸಂಜೆಯವರೆಗೆ ಕಾಯಿಸಿ, ಇಂದು ಸಾಧ್ಯವಿಲ್ಲವೆಂದು ಕೈಮುಗಿದರು. ಅಷ್ಟು ದೂರದಿಂದ ಬಂದ ಅಣ್ಣನವರಿಗೆ ಸಿಟ್ಟು ಬಂದಿತು. ಆದರೆ ಮಳೆ ನೋಡಿ ಬಿತ್ತುವ ಒಕ್ಕಲಿಗರಾದ ನಮಗೆ ಆ ಮಾತನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅವರೇ, "ಗಾಳಿ ಕೆಟ್ಟೈತಿ ಅಂತ ಹೇಳಿ ರೊಕ್ಕಾ ಬಿಟ್ಟವರು ಖರೇ ಮಂದಿ" ಎಂದರು.

ಮರುದಿನ ಮೊದಲ ಸರದಿಯಲ್ಲಿ ಮೇಲೆ ಹೋದ ಒಬ್ಬ ತರುಣನು ಬಾಗಿಲ ಬಳಿ ಹೋಗಿ ಒಲ್ಲೆನೆಂದು ವಿಮಾನದಲ್ಲಿಯೇ ಕೆಳಗಿಳಿದು ಬಂದನು. ಅವನ ಮುಖ ಬಾಡಿತ್ತು. ಆ ತಂಡದಲ್ಲಿ ಒಬ್ಬರೂ ಹಾಸ್ಯ ಮಾಡಲಿಲ್ಲ. ನೂರಾರು ಬಾರಿ ಜಿಗಿದ ಒಬ್ಬರು ಅವನ ಪಕ್ಕದಲ್ಲಿ ಕುಳಿತು ಚಹಾ ಕೊಟ್ಟು, ತಾವೂ ಒಮ್ಮೆ ಹೀಗೆಯೇ ಮರಳಿ ಬಂದ ಕಥೆ ಹೇಳುತ್ತಿದ್ದರು. ಆದರದ ತಾಣವೆಂದರೆ ಯಾವುದೆಂದು ನಾವು ಆರು ತಿಂಗಳಿಂದ ಕೇಳುತ್ತಿದ್ದ ಪ್ರಶ್ನೆಗೆ ಉತ್ತರವನ್ನು ಅಲ್ಲಿ ಕಣ್ಣಾರೆ ಕಂಡೆವು.

ಮುಂದಿನ ಸರದಿ ನಮ್ಮ ಮಗಳದು. ವಿಮಾನ ಚುಕ್ಕೆಯಾಯಿತು. ಅಣ್ಣನವರು ಮೇಲೆ ನೋಡಲಾರದೆ ನೆಲವನ್ನೇ ನೋಡುತ್ತ ನಿಂತರು. ಬಣ್ಣದ ಪ್ಯಾರಾಚೂಟ್ ಅರಳಿತೆಂದು ನಾವು ಹೇಳಿದ ಮೇಲೆಯೇ ಅವರು ತಲೆ ಎತ್ತಿದರು. ಅವಳು ಕುಳಿತ ಭಂಗಿಯಲ್ಲಿ ಹುಲ್ಲಿನ ಮೇಲೆ ಜಾರಿ ಇಳಿದವಳು, ಮೊದಲು ಕೊರಳಿಗೆ ಕೈ ಮುಟ್ಟಿಸಿಕೊಂಡು, ಬಳಿಕ ತಂದೆಯ ಕಡೆ ಓಡಿ ಬಂದಳು.

ಊರಿಗೆ ಬಂದು ಅಜ್ಜಿಗೆ ಎಲ್ಲವನ್ನೂ ವಿವರಿಸುವಾಗ, ಬೀಳುವಾಗ ಹೇಗೆನ್ನಿಸಿತೆಂದು ಅವರು ಕೇಳಿದರು. "ಜೋಕಾಲಿ ಮ್ಯಾಲ ಹೋಗಿ ನಿಂತಂಗ ಅಮ್ಮಾ, ಆದ್ರ ತಿರುಗಿ ಬರೂದಿಲ್ಲ" ಎಂದಳು ಮೊಮ್ಮಗಳು. ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಕಾಲದಲ್ಲಿ ಹುಣಸೆಮರದ ತುದಿಯ ಎಲೆಯನ್ನು ಜೀಕಿ ಹರಿದು ತಂದವರು ತಾವೊಬ್ಬರೇ ಎಂಬುದನ್ನು ನಮಗೆಲ್ಲ ಮೊದಲ ಬಾರಿಗೆ ತಿಳಿಸಿದರು.

ಮಕ್ಕಳು ಇಂಥ ಹಂಬಲವನ್ನು ಮುಂದಿಟ್ಟಾಗ ತಂದೆತಾಯಿಗಳು ಒಮ್ಮೆಲೇ ಬೇಡವೆಂದರೆ ಮಕ್ಕಳು ಹೇಳದೆ ಹೋದಾರು. ವಿಚಾರಿಸದೆ ಹೂಂ ಎಂದರೆ ತಿಳಿಯದವರ ಕೈಗೆ ಸಿಕ್ಕಾರು. ಕೂಡಿ ವಿಚಾರಿಸುವುದು, ಸಾಧ್ಯವಾದರೆ ಜೊತೆಗೇ ಹೋಗುವುದು ಮನೆಯವರ ಕರ್ತವ್ಯವೆಂದು ನಮ್ಮ ಅನುಭವದಿಂದ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇವೆ.